ಮಿಲಿಟರಿ ಕ್ಯಾಂಪ್ ಸುತ್ತಲಿನ ಹೆಂಗಸರ ಕಡತ ಹುಡುಕುತ್ತಾ: ಅಮೆರಿಕದ ಪತ್ರಾಗಾರಗಳಲ್ಲಿ ನನ್ನ ಪರದಾಟ

ಹೋದ ವಾರ ಪ್ರಬಂಧ ಸಲ್ಲಿಸಿ ಮುಗಿಸಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನಾ ಶಿಬಿರಗಳ ಸುತ್ತ ವೇಶ್ಯಾವಾಟಿಕೆ ನಿಲ್ಲಿಸಲು ಸರ್ಕಾರ ಏನೇನು ಮಾಡಿತು, ಗುಹ್ಯರೋಗ ತಡೆಯುವ ಹೆಸರಿನಲ್ಲಿ ಯಾರನ್ನು ಹಿಡಿಯಿತು ಅನ್ನೋದು ವಿಷಯ. ಬರೆಯುವುದಕ್ಕಿಂತ ಕಡತ ಕೈಗೆ ಸಿಗುವುದೇ ದೊಡ್ಡ ಕೆಲಸವಾಯಿತು. ಕನ್ನಡದವರು ಕೆಲವರು ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ, ಸಾರ್ವಜನಿಕ ಆರೋಗ್ಯ ಓದುತ್ತಿದ್ದೀರಿ. ನಿಮ್ಮಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬಂದೀತು ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆ ಸ್ವಲ್ಪ. ಇದು ಗೊತ್ತಿಲ್ಲದಿದ್ದರೆ ಯಾವ ಪೆಟ್ಟಿಗೆ ತರಿಸಬೇಕು ಎಂದೇ ತಿಳಿಯುವುದಿಲ್ಲ.

ಕಥೆ ಮೊದಲನೇ ಮಹಾಯುದ್ಧದಿಂದಲೇ ಶುರು. 1917ರಲ್ಲಿ ಸೈನ್ಯಕ್ಕೆ ಜನ ಸೇರಿಸುವ ಕಾನೂನು ಮಾಡಿದಾಗ ಅದರ 13ನೇ ಕಲಮಿನಲ್ಲಿ ಶಿಬಿರಗಳ ಸುತ್ತ ವೇಶ್ಯಾಗೃಹ ನಡೆಸಕೂಡದು ಎಂದು ಸೇರಿಸಿದರು. ನ್ಯೂ ಆರ್ಲಿಯನ್ಸ್‌ನ ಪ್ರಸಿದ್ಧ ಸೂಳೆಗೇರಿ ಸ್ಟೋರಿವಿಲ್ ಅದೇ ವರ್ಷ ನವೆಂಬರಿನಲ್ಲಿ ಬಾಗಿಲು ಹಾಕಿತು. 1918ರ ಚೇಂಬರ್ಲಿನ್-ಕಾನ್ ಕಾಯ್ದೆ ಹೆಂಗಸರನ್ನು ಹಿಡಿದಿಟ್ಟು ಚಿಕಿತ್ಸೆ ಕೊಡಲು ಹಣ ಒದಗಿಸಿತು. ಎರಡನೇ ಯುದ್ಧಕ್ಕೆ ಹೊಸ ಕಾಯ್ದೆ ಬಂತು. 1941ರ ಜುಲೈ 11ರಂದು ರೂಸ್‌ವೆಲ್ಟ್ ಸಹಿ ಹಾಕಿದ ಮೇ ಕಾಯ್ದೆ. ತಿಂಗಳ ಹೆಸರಲ್ಲ ಅದು, ಕೆಂಟಕಿಯ ಸಂಸದ ಆಂಡ್ರ್ಯೂ ಮೇ ಅವರದು. (ಈ ಮಹಾಶಯರೇ ಯುದ್ಧ ಮುಗಿದ ಮೇಲೆ, 1947ರಲ್ಲಿ, ಲಂಚದ ಕೇಸಿನಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು.) ಯುದ್ಧ ಖಾತೆಯೋ ನೌಕಾ ಖಾತೆಯೋ ಒಂದು ಪ್ರದೇಶ ಹೆಸರಿಸಿದರೆ ಸಾಕು, ಅಲ್ಲಿ ವೇಶ್ಯಾವಾಟಿಕೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನಡಿ, ಅಪರಾಧ. ಒಂದು ವರ್ಷ ಜೈಲು, ಸಾವಿರ ಡಾಲರ್ ದಂಡ, ಅಥವಾ ಎರಡೂ. ಹಿಡಿಯುವ ಕೆಲಸ ಎಫ್‌ಬಿಐದು.

ಇಷ್ಟು ಜೋರಿನ ಕಾಯ್ದೆ ನಿಜವಾಗಿ ಜಾರಿಯಾದದ್ದು ಎರಡೇ ಕಡೆ, ಎರಡೂ 1942ರಲ್ಲಿ. ಟೆನೆಸ್ಸಿಯಲ್ಲಿ ಕ್ಯಾಂಪ್ ಫಾರೆಸ್ಟ್ ಸುತ್ತಲಿನ 27 ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ನಾರ್ತ್ ಕ್ಯಾರೊಲಿನಾದಲ್ಲಿ ಫೋರ್ಟ್ ಬ್ರ್ಯಾಗ್ ಸುತ್ತಲಿನ 12 ಕೌಂಟಿ. ಉಳಿದ ಊರುಗಳಿಗೆ ಬೆದರಿಕೆಯೇ ಸಾಕಾಯಿತು. 'ನೀವೇ ಮುಚ್ಚಿಸಿ, ಇಲ್ಲದಿದ್ದರೆ ಮೇ ಕಾಯ್ದೆ ತರುತ್ತೇವೆ' ಎಂದು ಮೇಯರುಗಳಿಗೆ, ಪೊಲೀಸ್ ಮುಖ್ಯಸ್ಥರಿಗೆ ಹೇಳುತ್ತಾ ತಿರುಗಾಡಲು ಒಂದು ಕಚೇರಿಯೇ ಇತ್ತು: ಸೋಷಿಯಲ್ ಪ್ರೊಟೆಕ್ಷನ್ ಡಿವಿಷನ್. ಅದರ ಮುಖ್ಯಸ್ಥರಾಗಿದ್ದವರು ಎಲಿಯಟ್ ನೆಸ್. ಹೌದು, ಷಿಕಾಗೋದ ಭೂಗತ ದೊರೆ ಅಲ್ ಕಪೋನ್ ಬೆನ್ನು ಹತ್ತಿದ್ದ ಅದೇ ನೆಸ್. ಈ ಹೆಸರು ನೋಡಿಯೇ ನಾನು ವಿಷಯಕ್ಕೆ ಬಿದ್ದದ್ದು.

ಇನ್ನು ಪರದಾಟ. ಪತ್ರಾಗಾರದ ಕ್ಯಾಟಲಾಗ್‌ನಲ್ಲಿ ವೇಶ್ಯಾವಾಟಿಕೆ ಎಂದು ಹುಡುಕಿದರೆ ಪೋಸ್ಟರು, ಫೋಟೋ, ಸಂಬಂಧವಿಲ್ಲದ ಏನೇನೋ ಬರುತ್ತವೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಕಾಗದಗಳನ್ನು ವಿಷಯವಾರು ಜೋಡಿಸಿಲ್ಲ. ಯಾವ ಕಚೇರಿ ಆ ಕಾಗದ ಹುಟ್ಟಿಸಿತೋ ಆ ಕಚೇರಿಯ ಹೆಸರಿನಲ್ಲೇ ಇಟ್ಟಿದ್ದಾರೆ. ಆದ್ದರಿಂದ ವಿಷಯ ಹುಡುಕಬೇಡಿ, ಕಚೇರಿ ಹುಡುಕಿ. ನೆಸ್ ಅವರ ವಿಭಾಗ ಆಫೀಸ್ ಆಫ್ ಕಮ್ಯುನಿಟಿ ವಾರ್ ಸರ್ವಿಸಸ್ ಅಡಿ ಬರುತ್ತದೆ, ಅದು ರೆಕಾರ್ಡ್ ಗ್ರೂಪ್ 215 (ಒಂದು ಕಚೇರಿಯ ಕಾಗದಗಳ ಗುಂಪಿಗೆ ಪತ್ರಾಗಾರ ಕೊಟ್ಟ ಸಂಖ್ಯೆ). ಮೊದಲನೇ ಯುದ್ಧದಲ್ಲಿ ಇದೇ ಕೆಲಸ ನೋಡಿಕೊಂಡ ಸಮಿತಿಯ (ಕಮಿಷನ್ ಆನ್ ಟ್ರೇನಿಂಗ್ ಕ್ಯಾಂಪ್ ಆಕ್ಟಿವಿಟೀಸ್) ಕಾಗದ 165ರಲ್ಲಿ. ಸಾರ್ವಜನಿಕ ಆರೋಗ್ಯ ಸೇವೆ 90. ಫೆಡರಲ್ ಜಿಲ್ಲಾ ನ್ಯಾಯಾಲಯಗಳು 21. ಈ ನಾಲ್ಕು ಸಂಖ್ಯೆ ಬರೆದಿಟ್ಟುಕೊಳ್ಳಿ.

ಹೊರಡುವ ಮೊದಲು ಒಂದು ಕಲ್ಲು ಅಡ್ಡ ಬಂತು. ಸಂಶೋಧನೆಯ ನೈತಿಕತೆ ನೋಡುವ ನಮ್ಮ ವಿಶ್ವವಿದ್ಯಾಲಯದ ಸಮಿತಿ. 'ಕಡತದಲ್ಲಿ ಹೆಂಗಸರ ಹೆಸರು, ರೋಗದ ವಿವರ ಇರುತ್ತದೆ, ಅನುಮತಿ ಬೇಕು' ಎಂದರು. ಸರಿ ಎಂದು ಅರ್ಜಿ ತೆರೆದರೆ ಅದರಲ್ಲಿ ಒಂದು ಪ್ರಶ್ನೆ: ಭಾಗವಹಿಸುವವರ ಒಪ್ಪಿಗೆಯನ್ನು ಹೇಗೆ ಪಡೆಯುತ್ತೀರಿ? 1943ರಲ್ಲಿ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದವಳ ಒಪ್ಪಿಗೆ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆಮೇಲೆ ಯೋಚಿಸಿದರೆ ಅವರ ಮಾತಿನಲ್ಲೂ ಹುರುಳಿತ್ತು. ಆಗ 17 ವರ್ಷದವಳಾಗಿದ್ದವಳು ಈಗಲೂ ಎಲ್ಲೋ ಬದುಕಿರಬಹುದು, ಅವಳ ಮೊಮ್ಮಕ್ಕಳಂತೂ ಖಂಡಿತ ಇರುತ್ತಾರೆ. ಹೆಸರು ಬಳಸುವುದಿಲ್ಲ, ಇನಿಷಿಯಲ್ ಕೂಡ ಬದಲಾಯಿಸುತ್ತೇನೆ, ಊರು ಮತ್ತು ವರ್ಷ ಮಾತ್ರ ಇಡುತ್ತೇನೆ ಎಂದು ಬರೆದುಕೊಟ್ಟೆ. ಅರ್ಜಿ ಎರಡು ಸಲ ವಾಪಸು ಬಂತು. ಒಂದು ಇಡೀ ಸೆಮಿಸ್ಟರ್ ಇದರಲ್ಲೇ ಹೋಯಿತು. ನೀವು ಇಂಥ ವಿಷಯ ಎತ್ತಿಕೊಂಡರೆ ಎಲ್ಲಕ್ಕಿಂತ ಮೊದಲು ಈ ಅರ್ಜಿ ಹಾಕಿ. ಟಿಕೆಟ್ ಬುಕ್ ಮಾಡುವುದು ಆಮೇಲೆ.

ನನಗೆ ಬೇಕಿದ್ದ ಪೆಟ್ಟಿಗೆಗಳು ಇದ್ದದ್ದು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿ. ನಗರದ ನಡುವೆ ದೊಡ್ಡ ಕಂಬಗಳ ಹಳೆಯ ಕಟ್ಟಡವಿದೆಯಲ್ಲ, ಅಲ್ಲಲ್ಲ. ಗ್ರೀನ್ ಲೈನ್ ಮೆಟ್ರೋದಲ್ಲಿ ಹೋಗಿ, ಅಲ್ಲಿಂದ ಬಸ್ ಹಿಡಿಯಬೇಕು. ಹೋಗುವ ಮೊದಲು ಆ ವಿಭಾಗದ ಆರ್ಕೈವಿಸ್ಟ್‌ಗೆ ಒಂದು ಈಮೇಲ್ ಹಾಕಿ. ಪೆಟ್ಟಿಗೆಗಳ ವಿವರಪಟ್ಟಿ ಎಲ್ಲವೂ ಅಂತರ್ಜಾಲದಲ್ಲಿ ಇಲ್ಲ. ನನಗೆ ಉತ್ತರ ಕೊಟ್ಟ ಹಿರಿಯರು ಯಾವ ಎಂಟ್ರಿ (ಗ್ರೂಪಿನೊಳಗಿನ ಕಡತಗಳ ಒಂದು ಸರಣಿ) ನೋಡಬೇಕು, ಯಾವುದು ಸಮಯ ದಂಡ ಎಂದು ಬಿಡಿಸಿ ಹೇಳಿದರು. ಅವರಿಲ್ಲದಿದ್ದರೆ ನಾನಿನ್ನೂ ಅಲ್ಲೇ ಕೂತಿರುತ್ತಿದ್ದೆ.

ಸಂಶೋಧಕರ ಕಾರ್ಡ್ ಮಾಡಿಸಲು ದುಡ್ಡು ಇಲ್ಲ. ಫೋಟೋ ಇರುವ ಗುರುತಿನ ದಾಖಲೆ ಬೇಕು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಬ್ಯಾಗು, ಕೋಟು, ಪೆನ್ನು, ನೋಟ್‌ಬುಕ್ಕು ಎಲ್ಲ ಲಾಕರಿಗೆ. ಪೆನ್ಸಿಲ್ಲು, ಕಾಗದ ಅವರೇ ಕೊಡುತ್ತಾರೆ. ಲ್ಯಾಪ್‌ಟಾಪ್, ಫೋನು ಒಯ್ಯಬಹುದು. ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆದುಕೊಂಡರೆ ಖರ್ಚೇ ಇಲ್ಲ. ನೀವು ಬರೆದ ಹಾಳೆಗಳನ್ನು ಹೊರಡುವಾಗ ತಪಾಸಣೆ ಮಾಡಿಯೇ ಬಿಡುವುದು. ಒಳಗೆ ಚಳಿ ಜಾಸ್ತಿ, ತೆಳು ಸ್ವೆಟರ್ ಮೈಮೇಲೆ ಹಾಕಿಕೊಂಡೇ ಹೋಗಿ. ನನ್ನ ಚಿತ್ರಾನ್ನದ ಡಬ್ಬಿಯೂ ಲಾಕರಿನಲ್ಲೇ. ಮಧ್ಯಾಹ್ನ ಹೊರಗೆ ಬಂದು ತಿನ್ನಬೇಕು. ಆ ಅರ್ಧ ಗಂಟೆ ವ್ಯರ್ಥವಾಯಿತಲ್ಲ ಎಂದು ಮೊದಮೊದಲು ಅನಿಸುತ್ತಿತ್ತು. ಆಮೇಲೆ ಆ ಅರ್ಧ ಗಂಟೆ ಬೇಕೇ ಬೇಕು ಎನಿಸತೊಡಗಿತು.

ಪೆಟ್ಟಿಗೆ ತರಿಸಲು ಚೀಟಿ ಬರೆಯಬೇಕು. ರೆಕಾರ್ಡ್ ಗ್ರೂಪ್, ಎಂಟ್ರಿ ಸಂಖ್ಯೆ, ಪೆಟ್ಟಿಗೆ ಸಂಖ್ಯೆ, ಅದು ಯಾವ ಸಾಲಿನ ಯಾವ ಕಪಾಟಿನಲ್ಲಿದೆ ಎಂಬ ಸಂಖ್ಯೆ. ಒಂದು ಅಂಕಿ ತಪ್ಪಿದರೂ ಚೀಟಿ ವಾಪಸು. ಆಮೇಲೆ ಗಾಡಿ ತುಂಬ ಪೆಟ್ಟಿಗೆ ಬರುತ್ತವೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ, ಅದರಿಂದ ಒಂದೇ ಫೋಲ್ಡರ್. ತುಕ್ಕು ಹಿಡಿದ ಸ್ಟೇಪಲ್ ಪಿನ್ನು ಕಂಡರೆ ನೀವೇ ಕೀಳಬೇಡಿ, ಸಿಬ್ಬಂದಿಯನ್ನು ಕರೆಯಿರಿ. 'ಗೋಪ್ಯ' ಎಂಬ ಮುದ್ರೆ ಇದ್ದರೆ ಫೋಟೋ ತೆಗೆಯುವ ಮೊದಲು ತೋರಿಸಿ. ಗೋಪ್ಯತೆ ತೆರವಾಗಿದೆ ಎಂಬ ಸಣ್ಣ ಚೀಟಿ ಕೊಡುತ್ತಾರೆ, ಅದೂ ಫೋಟೋದಲ್ಲಿ ಬೀಳಬೇಕು.

ಒಳಗೆ ಇದ್ದದ್ದು ಬಹುಪಾಲು ಕಾರ್ಬನ್ ಪ್ರತಿಗಳು. ಈರುಳ್ಳಿ ಸಿಪ್ಪೆಯಷ್ಟು ತೆಳು ಹಾಳೆ, ಮಸುಕು ಅಕ್ಷರ. ಶುರುವಿನಲ್ಲಿ ಬರೀ ಆಡಳಿತದ ಪತ್ರ. ಸಭೆ ಯಾವಾಗ, ಯಾರು ಬಂದರು, ಯಾವ ಮೇಯರ್ ಒಪ್ಪಿದರು, ಯಾವ ಷೆರಿಫ್ ಸೊಪ್ಪು ಹಾಕಲಿಲ್ಲ. ನಡುನಡುವೆ ಗುಹ್ಯರೋಗ, ವೇಶ್ಯಾವಾಟಿಕೆ ವಿರುದ್ಧ ಕೆಲಸ ಮಾಡುತ್ತಿದ್ದ ಖಾಸಗಿ ಸಂಘ ಅಮೆರಿಕನ್ ಸೋಷಿಯಲ್ ಹೈಜೀನ್ ಅಸೋಸಿಯೇಷನ್ ಕಳಿಸಿದ ಗುಪ್ತ ತನಿಖೆಗಾರರ ವರದಿಗಳು. ಇವರು ಗಿರಾಕಿಯ ವೇಷದಲ್ಲಿ ಊರು ಸೇರಿ, ಟ್ಯಾಕ್ಸಿ ಚಾಲಕರನ್ನು, ಹೋಟೆಲಿನ ಸಾಮಾನು ಹೊರುವ ಹುಡುಗರನ್ನು ಮಾತಿಗೆಳೆದು ಎಲ್ಲಿ, ಎಷ್ಟು, ಹೇಗೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಓದಲು ಮಜಾ ಇರುತ್ತವೆ, ಸುಳ್ಳು ಹೇಳಲ್ಲ. ಅದರಲ್ಲೇ ಮುಳುಗಿದರೆ ಮಾತ್ರ ನಿಮ್ಮ ಕೆಲಸ ಕೆಟ್ಟಿತು. ಸಂಘದ ಸ್ವಂತ ಕಾಗದಪತ್ರ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿವೆ. ಈ ವರದಿಗಳೇ ನಿಮ್ಮ ವಿಷಯವಾದರೆ ಅಲ್ಲಿಗೆ ಹೋಗಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಬಗೆಯ ಕಾಗದ. ಒಂದು, ಸಂಪರ್ಕ ವರದಿ. ಸೈನಿಕನಿಗೆ ರೋಗ ಕಂಡರೆ ಸೇನೆಯ ವೈದ್ಯರು ಅವನನ್ನು ಕೂರಿಸಿ ಕೇಳುತ್ತಾರೆ: ಯಾರ ಜೊತೆ ಇದ್ದೆ, ಎಲ್ಲಿ ಸಿಕ್ಕಳು, ಎಷ್ಟು ಕೊಟ್ಟೆ, ನೋಡಲು ಹೇಗಿದ್ದಳು. ಆ ಕಾಗದ ರಾಜ್ಯದ ಆರೋಗ್ಯ ಇಲಾಖೆಗೆ ಹೋಗುತ್ತದೆ. 1939ರಲ್ಲೇ ಸೇನೆ ಮತ್ತು ಆರೋಗ್ಯ ಇಲಾಖೆಗಳ ನಡುವೆ ಎಂಟು ಅಂಶಗಳ ಒಪ್ಪಂದವಾಗಿತ್ತು, ಅದರ ಪ್ರಕಾರ. ನಾನು ನೋಡಿದ ಕೆಲವು ವರದಿಗಳಲ್ಲಿ ಬರೀ ಮೊದಲ ಹೆಸರು, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ಕೂದಲು ಕಂದು. ಎತ್ತರ ಸಾಧಾರಣ. ಸಿಕ್ಕ ಜಾಗ, ಬಸ್ ನಿಲ್ದಾಣ. ಕುಡಿದವನು ನೆನಪಿನಿಂದ ಹೇಳಿದ ಇಷ್ಟು ಗುರುತು ಹಿಡಿದು ಹೊರಟರೆ ಆ ಊರಿನ ಅರ್ಧ ಹುಡುಗಿಯರನ್ನು ಹಿಡಿಯಬಹುದು, ಅಲ್ವಾ?

ಎರಡನೆಯದು ಬಂಧಿತರ ಪಟ್ಟಿ. ಉದ್ದನೆಯ ಹಾಳೆ, ಟೈಪ್ ಮಾಡಿದ ಅಂಕಣಗಳು. ವಯಸ್ಸು, ಬಣ್ಣ, ಕಸುಬು, ಆರೋಪ, ರಕ್ತಪರೀಕ್ಷೆ. ಕಸುಬಿನ ಅಂಕಣದಲ್ಲಿ ವೇಟ್ರೆಸ್, ವೇಟ್ರೆಸ್, ಲಾಂಡ್ರಿ, ಮತ್ತೆ ವೇಟ್ರೆಸ್. ಆರೋಪ ಎಂದರೆ ಅಲೆಮಾರಿತನ, ಸುಮ್ನೆ ನಿಂತಿದ್ದು, ಅಸಭ್ಯ ನಡತೆ. ಕೊನೆಯ ಅಂಕಣದಲ್ಲಿ ಒಂದರ ಕೆಳಗೊಂದು 'ನೆಗೆಟಿವ್'. ರೋಗವಿಲ್ಲ ಎಂದು ತಿಳಿಯುವವರೆಗೂ ಅವಳು ಲಾಕಪ್ಪಿನಲ್ಲೇ. ಅಷ್ಟರಲ್ಲಿ ಕೆಲಸ ಹೋಗಿರುತ್ತದೆ. ಊರಿಡೀ ಸುದ್ದಿಯೂ ಆಗಿರುತ್ತದೆ. ಆವತ್ತು ಮಧ್ಯಾಹ್ನ ಚಿತ್ರಾನ್ನ ಸೇರಲಿಲ್ಲ.

ಪಾಸಿಟಿವ್ ಬಂದವರನ್ನು ರ್‍ಯಾಪಿಡ್ ಟ್ರೀಟ್‌ಮೆಂಟ್ ಸೆಂಟರ್‌ಗಳಿಗೆ ಸಾಗಿಸುತ್ತಿದ್ದರು. ನಿರುದ್ಯೋಗಿ ಯುವಕರಿಗಾಗಿ ಹಿಂದೆ ಕಟ್ಟಿದ್ದ ಕಾಡಿನ ಶಿಬಿರಗಳನ್ನೇ ಕೆಲವು ಕಡೆ ಇದಕ್ಕೆ ಬಳಸಿಕೊಂಡರು. ಸಿಫಿಲಿಸ್‌ಗೆ ಆಗ ಇದ್ದದ್ದು ಆರ್ಸೆನಿಕ್ ಸೇರಿದ ಚುಚ್ಚುಮದ್ದು. ಮಾಮೂಲಿ ಕ್ರಮದಲ್ಲಿ ವರ್ಷಕ್ಕೂ ಹೆಚ್ಚು ಕಾಲ ವಾರವಾರ ಚುಚ್ಚಿಸಿಕೊಳ್ಳಬೇಕಿತ್ತು, ಅದನ್ನು ಇಲ್ಲಿ ಕೆಲವೇ ವಾರಕ್ಕೆ ಇಳಿಸಿದರು. 1943ರಲ್ಲಿ ಅಮೆರಿಕದ ವೈದ್ಯ ಜಾನ್ ಮಹೋನಿ ಪೆನಿಸಿಲಿನ್‌ನಿಂದ ಸಿಫಿಲಿಸ್ ವಾಸಿಯಾಗುತ್ತದೆ ಎಂದು ತೋರಿಸಿದ ಮೇಲೆ ಚಿತ್ರವೇ ಬದಲಾಯಿತು. ಈ ಕೇಂದ್ರಗಳ ಬಗ್ಗೆ ಬೇಕಿದ್ದರೆ ಗ್ರೂಪ್ 90 ಕೂಡ ನೋಡಿ, 215ರಲ್ಲಿ ಅರ್ಧ ಕಥೆಯೇ ಇರುವುದು.

ಸೈನಿಕನ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. ರೋಗ ಬಂದು ಮಲಗಿದ ದಿನಗಳ ಸಂಬಳ ಹಿಡಿಯುವ ನಿಯಮ ಇತ್ತು, ಅದನ್ನೂ 1944ರಲ್ಲಿ ತೆಗೆದುಹಾಕಿದರು. ಹವಾಯಿಯಲ್ಲಂತೂ ಇನ್ನೂ ಸೋಜಿಗ. ಇತ್ತ ನೆಸ್ ಕಚೇರಿ ಊರೂರಲ್ಲಿ ಮುಚ್ಚಿಸುತ್ತಿದ್ದರೆ, ಅತ್ತ ಹೊನೊಲುಲುವಿನ ಹೋಟೆಲ್ ಸ್ಟ್ರೀಟ್‌ನಲ್ಲಿ ಸೇನೆಯ ಕಣ್ಣೆದುರೇ 3 ಡಾಲರ್ ದರದಲ್ಲಿ ವೇಶ್ಯಾಗೃಹಗಳು ನಡೆಯುತ್ತಿದ್ದವು. ಮುಚ್ಚಿದ್ದು 1944ರ ಸೆಪ್ಟೆಂಬರಿನಲ್ಲಿ. ಒಂದೇ ದೇಶ, ಒಂದೇ ಯುದ್ಧ!

ಈ ನಡುವೆ ಊರಿಂದ ಅಮ್ಮನ ಫೋನು. "ಏನೇ, ದಿನಾ ಏನು ಓದ್ತಿದೀಯಾ ಅಲ್ಲಿ ಕೂತ್ಕೊಂಡು?" ಆರೋಗ್ಯ ಇಲಾಖೆ ಕಡತ ಅಂತ ಸ್ವಲ್ಪ ದಿನ ಜಾರಿಸಿದೆ. ಅಮ್ಮ ಬಿಡುವವರಲ್ಲ. ಒಂದು ರಾತ್ರಿ ಎಲ್ಲ ಹೇಳಿಬಿಟ್ಟೆ. ಅವರು ಮುಜುಗರ ಪಡುತ್ತಾರೆ ಅಂದುಕೊಂಡಿದ್ದೆ. "ಅಲ್ವೇ, ಗಂಡಸ್ರ ಹೆಸ್ರೆಲ್ಲ ಎಲ್ಲಿ ಹೋಯ್ತು ಹಂಗಾದ್ರೆ?" ಎಂದು ಕೇಳಿದರು. ನನ್ನ ಮಾರ್ಗದರ್ಶಕರು ಇದೇ ಪ್ರಶ್ನೆಯನ್ನು ಎರಡು ಪುಟದ ಟಿಪ್ಪಣಿಯಲ್ಲಿ ಕೇಳಿದ್ದರು.

ಕಾಲೇಜ್ ಪಾರ್ಕ್ ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಮುಂದಿನ ತಲೆನೋವು. ಪಟ್ಟಿಯಲ್ಲಿದ್ದವರಿಗೆ ಕೊನೆಗೆ ಏನಾಯಿತು ಎಂದು ತಿಳಿಯಬೇಕಲ್ಲ, ಅದು ಕೋರ್ಟ್ ದಾಖಲೆಯಲ್ಲಿ ಮಾತ್ರ ಸಿಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ಮೇ ಕಾಯ್ದೆಯ ಕೇಸು ಫೆಡರಲ್ ಕೇಸು. ಅದನ್ನು ಆ ಊರಿನಲ್ಲಿ ಹುಡುಕಬಾರದು. ಟೆನೆಸ್ಸಿ, ನಾರ್ತ್ ಕ್ಯಾರೊಲಿನಾ ಎರಡರ ಹಳೆಯ ಫೆಡರಲ್ ಕೋರ್ಟ್ ಕಾಗದಗಳೂ ರಾಷ್ಟ್ರೀಯ ಪತ್ರಾಗಾರದ ಅಟ್ಲಾಂಟಾ ಶಾಖೆಯಲ್ಲಿವೆ, ಗ್ರೂಪ್ 21. ಹೆಸರು ಅಟ್ಲಾಂಟಾ, ಇರುವುದು ಜಾರ್ಜಿಯಾದ ಮೊರೋ ಎಂಬ ಊರಲ್ಲಿ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಿ. ಎರಡೂ ರಾಜ್ಯಗಳಲ್ಲಿ ಮೂರು ಮೂರು ಫೆಡರಲ್ ಜಿಲ್ಲೆಗಳಿವೆ. ನಿಮ್ಮ ಕೌಂಟಿ ಯಾವುದಕ್ಕೆ ಸೇರುತ್ತದೆ ಎಂದು ಮನೆಯಲ್ಲೇ ನೋಡಿಕೊಳ್ಳಿ. ಶಿಕ್ಷೆಯಾದವರಲ್ಲಿ ಹಲವರು ವೆಸ್ಟ್ ವರ್ಜಿನಿಯಾದ ಆಲ್ಡರ್ಸನ್ ಹೆಂಗಸರ ಜೈಲಿಗೆ ಹೋದರು. ಆ ಜೈಲಿನ ಮುಖ್ಯಸ್ಥೆ ಹೆಲೆನ್ ಹಿರೋನಿಮಸ್ ಮೇ ಕಾಯ್ದೆಯಡಿ ಬಂದ 100 ಹೆಂಗಸರ ಸಮೀಕ್ಷೆ ಮಾಡಿ 1943ರಲ್ಲಿ ಪ್ರಕಟಿಸಿದ್ದಾರೆ. ಕೋರ್ಟ್ ಕಡತ ಎರಡೇ ಹಾಳೆಯದಾಗಿದ್ದರೆ ನಿರಾಸೆ ಬೇಡ, ಆ ಸಮೀಕ್ಷೆ ಓದಿ.

ಅಲೆಮಾರಿತನದಂಥ ಸಣ್ಣ ಕೇಸುಗಳು ಮಾತ್ರ ಊರಿನ ಕೋರ್ಟಿನಲ್ಲೇ. ನಾನು ಹೋದ ಕೌಂಟಿಯ ಕಚೇರಿಯಲ್ಲಿ ಕೇಸ್ ನಂಬರ್ ಕೇಳಿದರು. ನಂಬರ್ ಬೇಕೆಂದೇ ಅಲ್ಲವೇ ನಾನು ರಿಜಿಸ್ಟರ್ ಕೇಳುತ್ತಿರುವುದು ಎಂದೆ. ರಿಜಿಸ್ಟರ್ ನೋಡಲು ಕೇಸ್ ನಂಬರ್ ಬೇಕು ಎಂದರು. ಒಬ್ಬರಿಂದ ಇನ್ನೊಬ್ಬರ ಮೇಜಿಗೆ, ಅವರಿಂದ ನೆಲಮಾಳಿಗೆಗೆ, ನೆಲಮಾಳಿಗೆಯವರು ಆವತ್ತು ರಜೆ. ನಮ್ಮ ತಾಲೂಕು ಕಚೇರಿಗಳಲ್ಲಿ ಪಳಗಿದ್ದರಿಂದ ಸಿಟ್ಟು ಬರಲಿಲ್ಲ, ಸುಸ್ತಾಯಿತು ಅಷ್ಟೆ. ಕೊನೆಗೆ ದಾರಿ ತೋರಿಸಿದ್ದು ಆ ಊರಿನ ಸಾರ್ವಜನಿಕ ಗ್ರಂಥಾಲಯ. ಅಲ್ಲಿ ಹಳೆಯ ದಿನಪತ್ರಿಕೆಯ ಮೈಕ್ರೋಫಿಲ್ಮ್ ಇತ್ತು. ನಗರ ಕೋರ್ಟಿನಲ್ಲಿ ಹಿಂದಿನ ದಿನ ಯಾರಿಗೆ ಎಷ್ಟು ದಂಡ ಎಂದು ಹೆಸರು ಸಮೇತ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಿದ್ದರು. ಬೆತ್ತಲೆ ಮಾಡಿದ ಹಾಗೆ. ನನಗೆ ತಾರೀಖು ಸಿಕ್ಕಿತು. ತಾರೀಖು ಹೇಳಿದ ಮೇಲೆ ಕೋರ್ಟಿನವರು ಕಪಾಟು ತೆರೆದರು. ಹುಡುಕುವುದಕ್ಕೆ ಒಂದು ಶುಲ್ಕ, ನಕಲಿಗೆ ಇನ್ನೊಂದು. ಕಾರ್ಡ್ ನಡೆಯುವುದಿಲ್ಲ, ಮನಿ ಆರ್ಡರೇ ಆಗಬೇಕು. ಅದಕ್ಕೆ ಅಂಚೆ ಕಚೇರಿಗೆ ಓಡಿದೆ.

ಒಟ್ಟು ಖರ್ಚಿನಲ್ಲಿ ಮುಕ್ಕಾಲು ಭಾಗ ರೂಮಿಗೇ ಹೋಯಿತು. ಪರಿಚಿತ ಕನ್ನಡದವರ ಮನೆ ಇದ್ದರೆ ಸಂಕೋಚ ಬಿಟ್ಟು ಕೇಳಿ. ಮೇರಿಲ್ಯಾಂಡ್, ವರ್ಜಿನಿಯಾದಲ್ಲಿ ನಮ್ಮವರು ಬೇಕಾದಷ್ಟು ಇದ್ದಾರೆ. ಫೋಟೋ ತೆಗೆಯುವಾಗ ಪ್ರತಿ ಫೋಲ್ಡರಿಗೂ ಮೊದಲು ಅದರ ಹೊರಗಿನ ಹೆಸರು, ಪೆಟ್ಟಿಗೆಯ ಸಂಖ್ಯೆ ಕಾಣುವಂತೆ ಒಂದು ಚಿತ್ರ ತೆಗೆಯಿರಿ. ಅವತ್ತಿನದು ಅವತ್ತೇ ಬೇರೆ ಬೇರೆ ಫೋಲ್ಡರಿಗೆ ಹಾಕಿ.

ಬೆಂಗಳೂರಿನ ಗೆಳತಿಯೊಬ್ಬಳು ನನ್ನ ಕರಡು ಓದಿ, "ಇದೆಲ್ಲ ನಮ್ಮ ದಂಡು ಪ್ರದೇಶದಲ್ಲಿ ನಡೆದೇ ಇಲ್ವಾ?" ಎಂದಳು. ನಡೆದಿದೆ, ಅದೂ ಅಮೆರಿಕಕ್ಕಿಂತ ಬಹಳ ಮೊದಲು. ಬ್ರಿಟಿಷರು ಅಮೆರಿಕದವರ ಹಾಗೆ ಮುಚ್ಚಿಸಲು ಹೋಗಲಿಲ್ಲ. ಹೆಂಗಸರ ಹೆಸರು ದಾಖಲು ಮಾಡಿಕೊಂಡು, ಗೊತ್ತುಮಾಡಿದ ದಿನಗಳಲ್ಲಿ ಪರೀಕ್ಷೆಗೆ ಬರಬೇಕೆಂದು ಕಟ್ಟುಮಾಡಿ, ರೋಗವಿದ್ದರೆ ಲಾಕ್ ಆಸ್ಪತ್ರೆ ಎಂಬಲ್ಲಿ ಕೂಡಿಹಾಕುತ್ತಿದ್ದರು. 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇದಕ್ಕೆ ಆಧಾರ. ಎರಡನೆಯದು 1888ರಲ್ಲಿ ರದ್ದಾಯಿತು. ಆಮೇಲೂ ಪದ್ಧತಿ ನಡೆದೇ ಇದೆ ಎಂದು ಎಲಿಜಬೆತ್ ಆಂಡ್ರ್ಯೂ, ಕೇಟ್ ಬುಶ್ನೆಲ್ ಎಂಬ ಇಬ್ಬರು ಅಮೆರಿಕದ ಹೆಂಗಸರೇ ಭಾರತದ ದಂಡುಗಳನ್ನು ಸುತ್ತಿ ಬಂದು 1893ರಲ್ಲಿ ಲಂಡನ್ನಿನಲ್ಲಿ ಸಾಕ್ಷಿ ಹೇಳಿದರು.

ಬೆಂಗಳೂರು, ಬಳ್ಳಾರಿ ಎರಡೂ ಕಡೆ ಲಾಕ್ ಆಸ್ಪತ್ರೆ ಇತ್ತು. ಅವುಗಳ ವಾರ್ಷಿಕ ವರದಿ ನೋಡಲು ನನ್ನಷ್ಟು ಅಲೆಯಬೇಕಿಲ್ಲ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಇಂಡಿಯಾದ ವೈದ್ಯಕೀಯ ವರದಿಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. ಮೈಸೂರು ಎಂದು ಹುಡುಕುತ್ತಾ ಕೂರಬೇಡಿ. ಮದ್ರಾಸ್ ಪ್ರೆಸಿಡೆನ್ಸಿಯ ಲಾಕ್ ಆಸ್ಪತ್ರೆ ವರದಿಗಳನ್ನು ತೆರೆಯಿರಿ, ಊರುವಾರು ಭಾಗಗಳಲ್ಲಿ ಎರಡೂ ಹೆಸರು ಸಿಗುತ್ತವೆ. ವರದಿಯ ಕೊನೆಯಲ್ಲಿರುವ ಕೋಷ್ಟಕಗಳನ್ನು ಬಿಡಬೇಡಿ. ಎಷ್ಟು ಹೆಂಗಸರ ಹೆಸರು ದಾಖಲಾಗಿತ್ತು, ಎಷ್ಟು ಜನರಿಗೆ ರೋಗವಿತ್ತು, ಪರೀಕ್ಷೆಗೆ ತಪ್ಪಿಸಿಕೊಂಡದ್ದಕ್ಕೆ ಎಷ್ಟು ಜನಕ್ಕೆ ಶಿಕ್ಷೆಯಾಯಿತು ಎಂಬ ಲೆಕ್ಕವೆಲ್ಲ ಅಲ್ಲೇ ಇರುವುದು.